ಕೆಂಪು ಕಾರೂ ಕೆಸರು ನೀರೂ

ಮನೆಯ ಮಗನಿಗೆ ಕೆಲಸ ಸಿಕ್ಕಿ ಒಂದೆರಡು ವರ್ಷ ಕಳೆಯಿತೆಂದರೆ ಊಟದ ಹೊತ್ತಿನ ಮಾತುಕತೆ ಬೇರೆ ದಾರಿ ಹಿಡಿಯುವುದನ್ನು ನಮ್ಮ ಬಳಗದ ತಾಯಂದಿರು ಬಲ್ಲರು. ಮೊದಲು ಮದುವೆ ಎಂಬುದು ತಾಯಿಯ ವಾದ. ಮೊದಲು ಕಾರು ಎಂಬುದು ಮಗನ ವಾದ. ಈಚೆಗೆ ಮಗಳ ವಾದವೂ ಅದೇ ಆಗಿದೆ. ಅಜ್ಜಿ, ಅಜ್ಜಿಯ ಚೀಲ, ಉಪ್ಪಿನಕಾಯಿಯ ಭರಣಿ ಎಲ್ಲವೂ ಹಿಡಿಸುವಂಥ ಸಂಸಾರಸ್ಥರ ಕಾರಾದರೆ ಯಾರದೂ ತಕರಾರಿಲ್ಲ. ಆದರೆ ಬೇಕಾದದ್ದು ಸ್ಪೋರ್ಟ್ಸ್ ಕಾರು; ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಕುಳಿತಿರಬೇಕು, ಬಾಗಿಲು ಎರಡೇ ಇರಬೇಕು, ಬಣ್ಣ ಕೆಂಪಾದರೆ ಇನ್ನೂ ಮೇಲು. ಹೊಸದರ ಬೆಲೆ ಕೇಳಿದರೆ ಆ ಹಣಕ್ಕೆ ಊರಿನಲ್ಲಿ ಮನೆಯನ್ನೇ ಕಟ್ಟಿಸಬಹುದು. ಆದುದರಿಂದ ಕಣ್ಣು ಹಳೆಯದರ ಕಡೆಗೆ ತಿರುಗುತ್ತದೆ.

ಈ ಆಸೆಯನ್ನು ನಾವು ಹಳಿಯಲಾರೆವು. ವಿಶಾಖಪಟ್ಟಣದಲ್ಲಿ ಋಷಿಕೊಂಡ ದಾಟಿ ಭೀಮುನಿಪಟ್ಟಣದ ಕಡೆಗೆ ಹೋಗುವ ಕಡಲಂಚಿನ ರಸ್ತೆಯನ್ನು ಬೆಳಗಿನ ಹೊತ್ತು ಕಂಡವರಿಗೆ ಒಂದು ಸಲವಾದರೂ ಅಲ್ಲಿ ಜೋರಾಗಿ ಗಾಡಿ ಓಡಿಸಬೇಕೆನಿಸಿದರೆ ಆಶ್ಚರ್ಯವಿಲ್ಲ. ವಿಜಯವಾಡದ ಮಾತಂತೂ ಕೇಳಲೇಬೇಡಿ. ಊರಿನ ದೊಡ್ಡ ಕೂಡುರಸ್ತೆಗೇ ಬೆಂಝ್ ಸರ್ಕಲ್ ಎಂದು ಹೆಸರು. ಎರಡೂರುಗಳ ನಡುವೆ ಸುಮಾರು 350 ಕಿಲೋಮೀಟರು ಹೆದ್ದಾರಿ. ಹೀಗಿರುವಾಗ ಬೇಡವೆಂದರೆ ಕೇಳುವವರು ಯಾರು? ಕೊಳ್ಳಲಿ, ಆದರೆ ಏನನ್ನು ನೋಡಿ ಕೊಳ್ಳಬೇಕೆಂಬುದನ್ನು ಮನೆಯ ಹಿರಿಯರೂ ತಿಳಿದಿರಲಿ ಎಂದು ಈ ಮಾತುಗಳನ್ನು ಬರೆಯುತ್ತಿದ್ದೇವೆ. ಹಣ ಕೊಡುವಾಗ ಅಪ್ಪನ ಸಹಿ ಬೇಕಾಗುವುದಷ್ಟೆ!

ಮೊದಲಿಗೆ, ಸ್ಪೋರ್ಟ್ಸ್ ಕಾರು ಎಂಬ ಹೆಸರನ್ನು ಮಾರುವವರು ಬಹಳ ಧಾರಾಳವಾಗಿ ಬಳಸುತ್ತಾರೆ. ಪೋರ್ಷೆ ಬಾಕ್ಸ್‌ಸ್ಟರ್, ಬಿಎಂಡಬ್ಲ್ಯು ಜೆಡ್4, ಆಡಿ ಟಿಟಿ, 2016ರಲ್ಲಿ ನಮ್ಮ ದೇಶಕ್ಕೆ ಬಂದ ಫೋರ್ಡ್ ಮಸ್ಟಾಂಗ್ ಇವೆಲ್ಲ ನಿಸ್ಸಂದೇಹವಾಗಿ ಆ ಜಾತಿಯವು. ಆದರೆ ನಮ್ಮವರ ಕೈಗೆಟಕುವುದು ಹೆಚ್ಚಾಗಿ ಸಾಧಾರಣ ಕಾರಿನ ಮೈಯಲ್ಲಿ ಜೋರಿನ ಎಂಜಿನ್ನು ಕೂರಿಸಿದಂಥವು: 2013ರ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ, 2015ರ ಫಿಯಟ್ ಅಬಾರ್ಥ್ ಪುಂಟೊ, ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಮುಂತಾದವು. ಅವನ್ನೂ ನಾವು ಈ ಲೆಕ್ಕಕ್ಕೆ ಸೇರಿಸುತ್ತೇವೆ.

ನಮ್ಮ ಬೆಂಗಳೂರೂ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ ಎಂಬುದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಸ್ಯಾನ್ ಮೋಟಾರ್ಸ್ ಎಂಬ ಬೆಂಗಳೂರಿನ ಕಂಪನಿ 1990ರ ದಶಕದ ಕೊನೆಯಲ್ಲಿ ಸ್ಟಾರ್ಮ್ ಎಂಬ ಇಬ್ಬರು ಕೂರುವ ಪುಟ್ಟ ಸ್ಪೋರ್ಟ್ಸ್ ಕಾರನ್ನು ಮಾಡಿತು. ಮೈ ಫೈಬರ್ ಗ್ಲಾಸಿನದು, ಎಂಜಿನ್ನು ರೆನೋ ಕಂಪನಿಯದು. 1149 ಸಿಸಿ, ಅರುವತ್ತರಷ್ಟು ಅಶ್ವಶಕ್ತಿ. ಈಗಿನ ಪುಟ್ಟ ಮಾರುತಿಗಳೂ ಅದನ್ನು ಹಿಂದೆ ಹಾಕಿಯಾವು. ಆದರೂ ನೋಟದಲ್ಲಿ ಅದು ಸ್ಪೋರ್ಟ್ಸ್ ಕಾರೇ. ಅದಕ್ಕೂ ಮೊದಲು ಬೆಂಗಳೂರಿನ ಸಿಪಾನಿಯವರು 1982ರಲ್ಲಿ ಡಾಲ್ಫಿನ್ ಎಂಬ ಎರಡು ಬಾಗಿಲಿನ ಫೈಬರ್ ಕಾರನ್ನು ಹೊರತಂದಿದ್ದರು. ರ‍್ಯಾಲಿ ಪಂದ್ಯಗಳಲ್ಲಿ ಅದು ಹೆಸರು ಮಾಡಿತ್ತು. ಇಂಥ ಗಾಡಿ ಯಾರ ಶೆಡ್ಡಿನಲ್ಲಾದರೂ ಕಂಡರೆ ಅಭಿಮಾನದಿಂದ ಮೈ ಸವರಿ. ಕೊಳ್ಳಬೇಕೆಂದಿದ್ದರೆ ಬಿಡಿಭಾಗ ಎಲ್ಲಿ ಸಿಗುವುದೆಂದು ಮೊದಲು ಕೇಳಿ. ಈ ಪ್ರಶ್ನೆ ಹಳೆಯ ಗಾಡಿಗಳಿಗೆ ಮಾತ್ರವಲ್ಲ. ಫಿಯಟ್‌ನವರು ನಮ್ಮ ದೇಶದಲ್ಲಿ ತಮ್ಮ ಹೆಸರಿನ ಕಾರು ಮಾರುವುದನ್ನು ನಿಲ್ಲಿಸಿ ವರ್ಷಗಳಾದುವು. ಫೋರ್ಡ್‌ನವರು ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ 2021ರಲ್ಲಿ ಸಾರಿದರು. ಗಾಡಿ ಅಗ್ಗವಾಗಿ ಸಿಗುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಇಷ್ಟು ಯಾವ ಊರಿನವರಿಗೂ ಹೇಳಬಹುದಾದ ಮಾತು. ನಮ್ಮ ಎರಡೂರುಗಳಿಗೇ ಸೇರಿದ ಮಾತು ಬೇರೆ ಇದೆ, ಅದು ನೀರಿನದು. ವಿಜಯವಾಡದಲ್ಲಿ ಕೆಸರು ನೀರು, ವಿಶಾಖಪಟ್ಟಣದಲ್ಲಿ ಉಪ್ಪು ನೀರು.

2024ರ ಆಗಸ್ಟ್ ಕೊನೆಗೆ ಸುರಿದ ಮಳೆಯನ್ನು ವಿಜಯವಾಡದವರು ಮರೆತಿಲ್ಲ. ಬುಡಮೇರು ತೊರೆ ಒಡೆದು ಸೆಪ್ಟೆಂಬರ್ 1ರಂದು ಅಜಿತ್ ಸಿಂಗ್ ನಗರ ಮತ್ತು ಸುತ್ತಲಿನ ಬಡಾವಣೆಗಳು ಮುಳುಗಿದುವು. ಅದೇ ಹೊತ್ತಿಗೆ ಪ್ರಕಾಶಂ ಬ್ಯಾರೇಜಿನಲ್ಲಿ ಕೃಷ್ಣೆ 11 ಲಕ್ಷ ಕ್ಯೂಸೆಕ್ಸಿಗೂ ಮೀರಿ ಹರಿದಳು. ಕೆಲವು ಬೀದಿಗಳಲ್ಲಿ ನೀರು ದಿನಗಟ್ಟಲೆ ಇಳಿಯಲಿಲ್ಲ. ಮನುಷ್ಯರು ಮಹಡಿ ಹತ್ತಿದರು. ಕಾರುಗಳು ಎಲ್ಲಿಗೆ ಹತ್ತಬೇಕು? ನಿಂತಲ್ಲೇ ಮುಳುಗಿದುವು. ವಿಮಾ ಕಂಪನಿಗಳಿಗೆ ಅರ್ಜಿಗಳು ಸಾವಿರಗಟ್ಟಲೆ ಹೋದುವು.

ಆ ಕಾರುಗಳು ಈಗ ಎಲ್ಲಿವೆ ಎಂಬುದೇ ಕೊಳ್ಳುವವನು ಕೇಳಿಕೊಳ್ಳಬೇಕಾದ ಪ್ರಶ್ನೆ. ಸಾಮಾನ್ಯವಾಗಿ ರಿಪೇರಿಯ ಖರ್ಚು ವಿಮೆಯಲ್ಲಿ ಕಾಣಿಸಿದ ಬೆಲೆಯ ನೂರಕ್ಕೆ 75ನ್ನು ಮೀರಿದರೆ ವಿಮೆಯವರು ಅದನ್ನು ಪೂರ್ತಿ ನಷ್ಟವೆಂದು ಎಣಿಸಿ ಹಣ ಕೊಡುತ್ತಾರೆ. ಗಾಡಿ ಗುಜರಿ ಲೆಕ್ಕದಲ್ಲಿ ಹರಾಜಾಗುತ್ತದೆ. ಕೊಂಡವನು ಅದನ್ನು ತೊಳೆದು, ಒಣಗಿಸಿ, ಬೇಕಾದಷ್ಟನ್ನು ಬದಲಿಸಿ, ಮತ್ತೆ ಮಾರುತ್ತಾನೆ. ಕೆಲವು ಪರದೇಶಗಳಲ್ಲಿ ಇಂಥ ಗಾಡಿಯ ಹಕ್ಕುಪತ್ರದ ಮೇಲೇ ಗುರುತು ಹಾಕುವ ಪದ್ಧತಿಯುಂಟು. ನಮ್ಮಲ್ಲಿ ಆರ್‌ಸಿ ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿದರೂ ಆ ಸುದ್ದಿ ಸಿಗದು. ಸ್ಪೋರ್ಟ್ಸ್ ಕಾರಿಗಂತೂ ಈ ಅಪಾಯ ಇಮ್ಮಡಿ. ಅದರ ನೆಲಗಟ್ಟು ತಗ್ಗು. ಪಕ್ಕದ ಜೀಪಿನ ಟೈರು ಮಾತ್ರ ನೆನೆಯುವಷ್ಟು ನೀರಿನಲ್ಲಿ ಇದರ ಸೀಟೇ ನೆನೆದಿರುತ್ತದೆ. ಬೆಲೆ ಹೆಚ್ಚಾದುದರಿಂದ ತೊಳೆದು ಮಾರುವವನಿಗೆ ಲಾಭವೂ ಹೆಚ್ಚು.

ಹಾಗಾದರೆ ಪತ್ತೆ ಹೇಗೆ? ಮೊದಲ ಸಾಧನ ಮೂಗು. ಮಳೆಗಾಲದಲ್ಲಿ ಅಕ್ಕಿಯ ಮೂಟೆಯನ್ನು ದೂರದಿಂದಲೇ ಮೂಸಿ ಮುಗ್ಗಿದೆ ಎಂದು ಹೇಳುವ ಅಜ್ಜಿ ಮನೆಯಲ್ಲಿದ್ದರೆ ಕಾರು ನೋಡಲು ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಇದು ತಮಾಷೆಯ ಮಾತಲ್ಲ. ಗಾಜುಗಳನ್ನೆಲ್ಲ ಮುಚ್ಚಿ, ಬಿಸಿಲಿನಲ್ಲಿ ಹತ್ತು ನಿಮಿಷ ನಿಲ್ಲಿಸಿ, ಬಾಗಿಲು ತೆರೆದಾಗ ಬರುವ ವಾಸನೆ ಸುಳ್ಳು ಹೇಳದು. ಒಳಗೆ ಅತ್ತರಿನ ಡಬ್ಬಿಗಳು ಮೂರು ತೂಗುತ್ತಿದ್ದರೆ ಅವನ್ನು ಕೆಳಗಿಳಿಸಿ ಈ ಪರೀಕ್ಷೆ ಮಾಡಿ. ಬಳಿಕ ಸೀಟಿನ ಬೆಲ್ಟನ್ನು ಕೊನೆಯ ಮೊಳದವರೆಗೂ ಹೊರಗೆಳೆಯಿರಿ. ತೊಳೆಯುವವರು ಕಣ್ಣಿಗೆ ಬೀಳುವಷ್ಟನ್ನು ತೊಳೆಯುತ್ತಾರೆ, ಸುತ್ತಿಕೊಂಡು ಒಳಗಿದ್ದ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನಡಿಯ ಕಂಬಿಗಳಲ್ಲಿ ತುಕ್ಕಿದೆಯೇ, ಅಲ್ಲಿನ ಬೋಲ್ಟುಗಳ ತಲೆ ಈಚೆಗೆ ಬಿಚ್ಚಿದಂತೆ ಸವೆದಿದೆಯೇ ನೋಡಿ. ಕಾಲಡಿಯ ಹಾಸನ್ನು ಎತ್ತಿ ಅದರ ಕೆಳಗಿನ ದಪ್ಪ ಮೆತ್ತೆಯನ್ನು ಒತ್ತಿ. ಸ್ಟೆಪ್ನಿ ಇಡುವ ಗುಳಿಯ ಮೂಲೆಗಳಲ್ಲಿ ಬೆರಳಾಡಿಸಿದರೆ ಬುಡಮೇರಿನ ಮೆಕ್ಕಲು ಮಣ್ಣೇ ಸಿಕ್ಕೀತು. ಕೆಲವು ಜರ್ಮನ್ ಗಾಡಿಗಳಲ್ಲಿ ವಿದ್ಯುತ್ ಪೆಟ್ಟಿಗೆಗಳನ್ನು ಸೀಟಿನಡಿಯಲ್ಲಿ, ಹಾಸಿನ ಕೆಳಗೆ ಇಟ್ಟಿರುತ್ತಾರೆ. ಅಂಥ ಕಡೆ ತಂತಿಯ ಕೂಡುಗಳಿಗೆ ಹಸಿರು ಕಿಲುಬು ಹಿಡಿದಿದ್ದರೆ ಅಲ್ಲಿಂದಲೇ ಮನೆಗೆ ನಡೆಯಿರಿ. ಇಂದು ಎಲ್ಲ ಕೆಲಸ ಮಾಡಬಹುದು. ಆರು ತಿಂಗಳ ಮೇಲೆ ಒಂದೊಂದಾಗಿ ಕೈಕೊಡುತ್ತವೆ, ಒಂದೊಂದರ ಬೆಲೆಯೂ ಒಂದು ತಿಂಗಳ ಸಂಬಳ.

ಮುಳುಗಿದ ಗಾಡಿಯನ್ನು ಯಾರಾದರೂ ಆತುರದಿಂದ ಸ್ಟಾರ್ಟ್ ಮಾಡಿದ್ದರೆ ಇನ್ನೂ ಕೇಡು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಸಿಲಿಂಡರಿಗೆ ನೀರು ಹೊಕ್ಕಾಗ ಪಿಸ್ಟನ್ ಮೇಲೇರಲಾರದೆ ಅದರ ಕಡ್ಡಿ ಬಾಗುತ್ತದೆ. ಬಾಗಿದ ಕಡ್ಡಿಯ ಎಂಜಿನ್ನು ಓಡದೆಂದಲ್ಲ. ಎಷ್ಟು ದಿನ ಎಂಬುದೇ ಪ್ರಶ್ನೆ.

ಕಾಗದದಲ್ಲಿಯೂ ಒಂದು ಸುಳಿವುಂಟು, ಇದನ್ನು ಬಹಳ ಮಂದಿ ನೋಡುವುದಿಲ್ಲ. ವರ್ಷವಿಡೀ ವಿಮೆಯಿಂದ ಹಣ ಕೇಳದವರಿಗೆ ನೋ ಕ್ಲೇಮ್ ಬೋನಸ್ ಎಂಬ ರಿಯಾಯಿತಿ ದೊರೆಯುತ್ತದೆ. ಅದು ನೂರಕ್ಕೆ 20ರಿಂದ ಮೊದಲಾಗಿ 50ರವರೆಗೆ ಏರುತ್ತದೆ. ಕ್ಲೇಮು ಮಾಡಿದ ಮರುವರ್ಷ ಸೊನ್ನೆಗೆ ಇಳಿಯುತ್ತದೆ. ಆದುದರಿಂದ ಮಾರುವವರಿಂದ ಕೊನೆಯ ಮೂರು ನಾಲ್ಕು ವರ್ಷದ ಪಾಲಿಸಿಗಳನ್ನು ಕೇಳಿ. 35, 45 ಎಂದು ಏರುತ್ತಿದ್ದುದು 2024ರ ಸೆಪ್ಟೆಂಬರಿನ ಬಳಿಕ ಹಠಾತ್ತನೆ ಸೊನ್ನೆಯಾಗಿದ್ದರೆ ಕಾರಣವೇನೆಂದು ವಿಚಾರಿಸಬೇಕು. ಒಡೆಯ ಬದಲಾಗಿದ್ದರೂ ಸೊನ್ನೆಯಾಗುವುದುಂಟು, ಏಕೆಂದರೆ ಬೋನಸ್ಸು ಒಡೆಯನದೇ ಹೊರತು ಗಾಡಿಯದಲ್ಲ. ಆದರೂ ಉತ್ತರ ಕೊಡುವವನ ಮುಖ ನೋಡಿದರೆ ಅರ್ಧ ತಿಳಿಯುತ್ತದೆ.

ಇನ್ನು ವಿಶಾಖಪಟ್ಟಣದ ಉಪ್ಪು. ಅಲ್ಲಿಯೂ 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಬಂದು ಮರ ಉರುಳಿಸಿ ಎಷ್ಟೋ ಗಾಡಿಗಳನ್ನು ಜಜ್ಜಿತು. ಆದರೆ ಉಪ್ಪಿನ ಕೆಲಸಕ್ಕೆ ಚಂಡಮಾರುತ ಬೇಕಾಗಿಲ್ಲ. ದಿನವೂ ಸಂಜೆ ಬೀಸುವ ಗಾಳಿ ಸಾಕು. ಕಡಲ ಎದುರಿನ ಮನೆಯ ಕಿಟಕಿಯ ಸರಳು ಎಷ್ಟು ಬೇಗ ತುಕ್ಕು ಹಿಡಿಯುತ್ತದೆಂದು ಅಲ್ಲಿನವರಿಗೆ ಹೇಳಬೇಕಾಗಿಲ್ಲ. ಹಾಗೆಯೇ ಕಾರಿನ ಅಡಿಭಾಗ. ಮೇಲೆ ಕನ್ನಡಿಯಂತೆ ಹೊಳೆಯುವ ಬಣ್ಣ, ಕೆಳಗೆ ಹಪ್ಪಳದಂತೆ ಏಳುವ ಕಬ್ಬಿಣ. ಆದ್ದರಿಂದ ಗಾಡಿಯನ್ನು ಲಿಫ್ಟಿನ ಮೇಲೆ ಎತ್ತಿಸದೆ ಮುಂಗಡ ಕೊಡಬಾರದು. ಬ್ರೇಕಿನ ಕೊಳವೆಗಳು, ಚಕ್ರ ಹಿಡಿದ ತೋಳುಗಳು, ಸೈಲೆನ್ಸರು, ರೇಡಿಯೇಟರಿನ ತೆಳು ರೆಕ್ಕೆಗಳು ಇವನ್ನು ಟಾರ್ಚು ಹಿಡಿದು ನೋಡಿ. ಅಡಿಯಲ್ಲೆಲ್ಲ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಮೆಚ್ಚಿಕೊಳ್ಳಬೇಡಿ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ಸದ್ದು ಕೇಳಿ. ಫೈಬರಿನ ಮೈಗೆ ತುಕ್ಕಿಲ್ಲ ಎನ್ನುತ್ತಾರೆ. ನಿಜ, ಆದರೆ ಅದರ ಕೆಳಗಿನ ಲೋಹಕ್ಕೆ ತುಕ್ಕುಂಟು. ಬಣ್ಣದಡಿಯಲ್ಲಿ ಪುಟ್ಟಿ ತುಂಬಿದ್ದಾರೆಯೇ ಎಂದು ಆಯಸ್ಕಾಂತ ಹಿಡಿದು ನೋಡುವುದು ಹಳೆಯ ಉಪಾಯ; ಅದು ಉಕ್ಕಿನ ಮೈಗೆ ಮಾತ್ರ ನಡೆಯುತ್ತದೆ. ಅಲ್ಯುಮಿನಿಯಮ್ ಬಾನೆಟ್ಟಿಗೆ ಆಯಸ್ಕಾಂತ ಅಂಟಲಿಲ್ಲವೆಂದು ಮಾರುವವನೊಡನೆ ಜಗಳವಾಡಿದರೆ ನಗುವವರೇ ಹೆಚ್ಚು.

ಮೇಲ್ಛಾವಣಿ ಮಡಿಸುವ ಕಾರಾದರೆ ಅದನ್ನು ಎರಡು ಮೂರು ಸಲ ತೆರೆದು ಮುಚ್ಚಿಸಿ. ಛಾವಣಿಯ ನೀರು ಹರಿದುಹೋಗಲು ಸಣ್ಣ ಕಾಲುವೆಗಳಿರುತ್ತವೆ. ಮರದ ಕೆಳಗೆ ನಿಲ್ಲಿಸಿದ ಗಾಡಿಗಳಲ್ಲಿ ಎಲೆ ಕಟ್ಟಿಕೊಂಡು ಆ ನೀರು ಸೀಟಿನ ಹಿಂದೆ ಇಳಿಯುತ್ತದೆ. ಒಂದು ಬಕೆಟ್ ನೀರು ಹೊಯ್ದು ನೋಡಲು ಮಾರುವವನು ಒಪ್ಪದಿದ್ದರೆ ಕಾರಣ ಬೇರೆ ಬೇಕಿಲ್ಲ.

ಎಂಜಿನ್ನಿನ ವಿಷಯಕ್ಕೆ ಬರೋಣ. ನೀವು ಹೋಗುವ ಹೊತ್ತಿಗೆ ಅದು ಬೆಚ್ಚಗಿದ್ದರೆ ಮರುದಿನ ಬರುವೆವೆಂದು ಹೇಳಿ ಹಿಂತಿರುಗಿ. ರಾತ್ರಿಯೆಲ್ಲ ತಣ್ಣಗೆ ಮಲಗಿದ ಎಂಜಿನ್ನನ್ನು ನಿಮ್ಮೆದುರಿಗೇ ಎಬ್ಬಿಸಬೇಕು. ರೋಗಿಯನ್ನು ವೈದ್ಯರು ಬೆಳಗಿನ ಹೊತ್ತು ನೋಡುವ ಹಾಗೆ. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಬಿಳಿಯ ಹೊಗೆ ನಿಲ್ಲದೆ ಬಂದರೆ ತಂಪಿನ ನೀರು ಒಳಹೊಕ್ಕಿದೆ. ಟರ್ಬೊ ಇರುವ ಗಾಡಿಯನ್ನು ಓಡಿಸಿ ತಂದು, ಐದು ನಿಮಿಷ ಹಾಗೆಯೇ ನಿಲ್ಲಿಸಿ, ಮತ್ತೆ ಆಕ್ಸಿಲರೇಟರ್ ಒತ್ತಿದಾಗ ನೀಲಿ ಮೋಡ ಎದ್ದರೆ ಟರ್ಬೊ ಸವೆದಿರುವ ಸಂಭವ ಹೆಚ್ಚು. ಮೇ ತಿಂಗಳಿನಲ್ಲಿ 45 ಡಿಗ್ರಿ ಮುಟ್ಟುವ ವಿಜಯವಾಡದಲ್ಲಿ ಪಂಪು, ಫ್ಯಾನು, ರಬ್ಬರ್ ಕೊಳವೆಗಳ ಮೇಲೆ ಬೀಳುವ ಭಾರ ಸಾಮಾನ್ಯವಲ್ಲ. ಎಸಿ ಹಾಕಿ, ಬೆಂಝ್ ಸರ್ಕಲ್ಲಿನ ಸಂಜೆಯ ಸಂದಣಿಯಲ್ಲಿ ಅರ್ಧ ಗಂಟೆ ತೆವಳಿಸಿ ನೋಡಿದರೆ ಹೆದ್ದಾರಿಯಲ್ಲಿ ನೂರು ಮೈಲಿ ಓಡಿಸಿದ್ದಕ್ಕಿಂತ ಹೆಚ್ಚು ತಿಳಿಯುತ್ತದೆ. ಪೋಲೊ ಜಿಟಿಯಂಥ ಎರಡು ಕ್ಲಚ್ಚಿನ, ತಾನೇ ಗೇರು ಬದಲಿಸುವ ಗಾಡಿಗಳ ನಡುಕವೂ ಆ ತೆವಳಿಕೆಯಲ್ಲಿಯೇ ಹೊರಬೀಳುವುದು. ಕೈಯಿಂದ ಗೇರು ಹಾಕುವ ಗಾಡಿಯಾದರೆ ಮೇಲಿನ ಗೇರಿನಲ್ಲಿ, ಮೆಲ್ಲನೆ ಹೋಗುತ್ತಿರುವಾಗ ಒಮ್ಮೆಲೇ ಪೂರ್ತಿ ಒತ್ತಿ. ಎಂಜಿನ್ನಿನ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ಚು ಮುಗಿದಿದೆ.

ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ 2019ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದುದು. ಸ್ಪೋರ್ಟ್ಸ್ ಕಾರಿನ ಒಡೆಯರು ಕೊಂಡ ಮೇಲೆ ಹೆಚ್ಚು ಓಡಿಸುವುದಿಲ್ಲ. ಗೀರು ಸವೆಯದೆ ರಬ್ಬರೇ ಗಟ್ಟಿಯಾಗಿರುತ್ತದೆ. ಕೀಲಿ ತಿರುಗಿಸಿದಾಗ ಏರ್‌ಬ್ಯಾಗಿನ ದೀಪ ಒಮ್ಮೆ ಹೊತ್ತಿ ಆರಬೇಕು. ಹೊತ್ತಿಯೇ ಉಳಿದರೆ ದೋಷ. ಹೊತ್ತಲೇ ಇಲ್ಲವೆಂದರೆ ದೋಷವನ್ನು ಮುಚ್ಚಲು ದೀಪವನ್ನೇ ಕಿತ್ತಿರಬಹುದು.

ಹಿಂದಿನ ಒಡೆಯನ ಶೋಕಿಯನ್ನೂ ಅಳೆಯಬೇಕು. ಸ್ಪ್ರಿಂಗು ಕತ್ತರಿಸಿ ಇನ್ನಷ್ಟು ತಗ್ಗಿಸಿದ್ದು, ಸಿಡಿಲಿನ ಸದ್ದಿನ ಸೈಲೆನ್ಸರು, ಎಂಜಿನ್ನಿನ ಕಂಪ್ಯೂಟರಿಗೆ ಹೊರಗಿನವರಿಂದ ಹೊಸ ಪಾಠ ಹೇಳಿಸಿ ಶಕ್ತಿ ಏರಿಸಿದ್ದು ಇವು ಹುಡುಗರ ಕಣ್ಣಿಗೆ ಅಲಂಕಾರ. ಕಂಪನಿ ಮಾಡಿಕೊಟ್ಟ ರೂಪವನ್ನು ಬೇಕಾದಂತೆ ಬದಲಿಸುವ ಹಾಗಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ವಿಮೆಯವರಿಗೂ ಹಣ ನಿರಾಕರಿಸಲು ಒಂದು ನೆಪ ಸಿಗುತ್ತದೆ.

ಪರೀಕ್ಷೆಯನ್ನು ಯಾರಿಂದ ಮಾಡಿಸಬೇಕು? ವಿಜಯವಾಡದ ಆಟೋ ನಗರ ದೇಶದಲ್ಲೆಲ್ಲ ಹೆಸರಾದ ಜಾಗ. ಲಾರಿಯ ಮೈ ಕಟ್ಟುವುದರಿಂದ ಹಿಡಿದು ಗೇರು ಕಡೆಯುವವರೆಗೆ ಅಲ್ಲಿ ಆಗದ ಕೆಲಸ ಕಡಿಮೆ. ವಿಶಾಖಪಟ್ಟಣದ ಗಾಜುವಾಕದಲ್ಲಿಯೂ ಒಂದು ಆಟೋ ನಗರವಿದೆ. ಅಡಿಭಾಗ, ಬೆಸುಗೆ, ಬ್ರೇಕು ನೋಡಲು ಅಲ್ಲಿನ ಹಳೆಯ ಮೇಸ್ತ್ರಿಗಳ ಕಣ್ಣಿಗೆ ಸಮನಿಲ್ಲ. ಆದರೆ ಪೋರ್ಷೆಯ ಕಂಪ್ಯೂಟರು ಓದುವುದು ಅವರ ವಿದ್ಯೆಯಲ್ಲ. ಅದಕ್ಕೆ ಕಂಪನಿಯ ವರ್ಕ್‌ಶಾಪಿಗೆ ಹಣ ಕೊಟ್ಟು ತೋರಿಸಬೇಕು. ಓಡಿದ ಕಿಲೋಮೀಟರು ಮೀಟರಿನಲ್ಲಿ ಎಷ್ಟೇ ಇರಲಿ, ವರ್ಕ್‌ಶಾಪಿನ ಹಳೆಯ ಬಿಲ್ಲಿನ ಜೊತೆ ತಾಳೆ ನೋಡಿ. “ಸಿಂಗಲ್ ಹ್ಯಾಂಡ್ ಅಂಡಿ, ಡಾಕ್ಟರ್ ಗಾರಿ ಬಂಡಿ” ಎಂದು ದಲ್ಲಾಳಿ ಹೇಳುವುದು ಎಷ್ಟು ಸಾಮಾನ್ಯವೆಂದರೆ, ಆಂಧ್ರದ ಡಾಕ್ಟರುಗಳೆಲ್ಲ ಕಾರು ಮಾರುವುದನ್ನೇ ಕಸುಬಾಗಿ ಮಾಡಿಕೊಂಡಿದ್ದಾರೆಯೇ ಎಂದು ನಮಗೆ ಅನುಮಾನ.

ಚಾಸಿಯ ನಂಬರನ್ನೂ ಎಂಜಿನ್ನಿನ ನಂಬರನ್ನೂ ಗಾಡಿಯ ಮೇಲೇ ಓದಿ, ಆರ್‌ಸಿಯೊಡನೆಯೂ ಸರಕಾರದ ವಾಹನ್ ದಾಖಲೆಯೊಡನೆಯೂ ಹೋಲಿಸಬೇಕು. ಇದು ಬರಿಯ ಶಾಸ್ತ್ರಕ್ಕೆ ಹೇಳುವ ಮಾತಲ್ಲ. ನಮ್ಮ ದೇಶದಲ್ಲೇ ತಯಾರಾದ ಅವಂತಿ ಎಂಬ ಸ್ಪೋರ್ಟ್ಸ್ ಕಾರಿನ ವಿಷಯದಲ್ಲಿ 2020ರ ಡಿಸೆಂಬರಿನಲ್ಲಿ ಮುಂಬಯಿ ಪೊಲೀಸರು ಮೊಕದ್ದಮೆ ಹೂಡಿದರು. ತಮಿಳುನಾಡಿನ ನಂಬರು ಹೊತ್ತ ಒಂದು ಕಾರಿನ ಚಾಸಿ ಮತ್ತು ಎಂಜಿನ್ ನಂಬರಿನಲ್ಲೇ ಹರಿಯಾಣದಲ್ಲಿಯೂ ನೋಂದಣಿಯಾಗಿದೆ, ಒಂದೇ ಕಾರಿನ ಮೇಲೆ ಒಂದಕ್ಕಿಂತ ಹೆಚ್ಚು ಸಾಲ ಎತ್ತಲಾಗಿದೆ ಎಂಬುದು ಅವರ ಆರೋಪ.

ಕೊನೆಗೆ ನಮ್ಮವರಿಗೇ ವಿಶೇಷವಾದ ಒಂದು ತೊಡಕು. ಬೆಂಗಳೂರಿನಲ್ಲಿ ಅಣ್ಣನ ಗೆಳೆಯರ ಕಾರು ಇದೆ, ಇಲ್ಲಿಗಿಂತ ಅಗ್ಗ, ಸರ್ವಿಸ್ ದಾಖಲೆಯೂ ಚೆನ್ನಾಗಿದೆ ಎಂದು ತರುವವರು ನಮ್ಮ ಬಳಗದಲ್ಲಿ ಕಡಿಮೆಯಿಲ್ಲ. ಅಲ್ಲಿ ಕಡಲ ಉಪ್ಪೂ ಇಲ್ಲ, ನಿಜ. ಆದರೆ ಬೇರೆ ರಾಜ್ಯದ ಗಾಡಿಯನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಹೊಸ ನಂಬರು ಪಡೆಯಲೇಬೇಕು. ಅದಕ್ಕೆ ಕರ್ನಾಟಕದ ಆರ್‌ಟಿಒ ಕಚೇರಿಯಿಂದ ಫಾರಂ 28ರ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ಗಾಡಿಯ ವಯಸ್ಸು ನೋಡಿ ಆಜೀವ ತೆರಿಗೆಯನ್ನು ಮತ್ತೆ ಕಟ್ಟಬೇಕು. ಬೆಲೆಬಾಳುವ ಕಾರಿಗೆ ಆ ಮೊತ್ತ ಲಕ್ಷಗಳಲ್ಲಿ ಬರುತ್ತದೆ. ಅಗ್ಗವೆಂದುಕೊಂಡದ್ದು ಅಲ್ಲಿಗೆ ಸಮವಾಯಿತು. ಕರ್ನಾಟಕದಲ್ಲಿ ಕಟ್ಟಿದ್ದರ ಉಳಿಕೆ ಭಾಗವನ್ನು ಹಿಂದಕ್ಕೆ ಕೇಳಲು ಅವಕಾಶವುಂಟು, ಓಡಾಟವೂ ಉಂಟು. ಆ ಹಣ ಬಂದರೆ ಅದು ಕೊಟ್ಟವನಿಗೋ ಕೊಂಡವನಿಗೋ ಎಂಬುದನ್ನು ಮೊದಲೇ ಬರೆದುಕೊಂಡರೆ ಸ್ನೇಹ ಉಳಿಯುತ್ತದೆ. ಗಾಡಿಯ ಮೇಲೆ ಸಾಲವಿದ್ದರೆ ಬ್ಯಾಂಕಿನವರು ಸಹಿ ಮಾಡಿದ ಫಾರಂ 35 ಕೈಗೆ ಬರಬೇಕು. ಫಾರಂ 29 ಮತ್ತು 30ಕ್ಕೆ ಮಾರಿದವನ ಸಹಿ ನಿಮ್ಮೆದುರಿಗೇ ಬೀಳಬೇಕು. ಬಾಕಿಯಿರುವ ಪೊಲೀಸ್ ಚಲನ್‌ಗಳನ್ನು ಅವನೇ ಕಟ್ಟಬೇಕು.

ಕೊಂಡ 14 ದಿನಗಳೊಳಗೆ ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಿ. ಇಲ್ಲವಾದರೆ ಎದುರಿನವರ ನಷ್ಟಕ್ಕೆ ರಕ್ಷಣೆಯಿದ್ದರೂ ನಿಮ್ಮ ಗಾಡಿಯ ನಷ್ಟಕ್ಕೆ ಹಣ ಸಿಗದೆ ಹೋಗಬಹುದು. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ, ಆರ್‌ಸಿಯಲ್ಲಿ ಹೆಸರಿರುವವನ ಖಾತೆಗೇ ಹೋಗಲಿ. ದಲ್ಲಾಳಿಯ ಭಾವಮೈದುನನ ಖಾತೆಗೆ ಬೇಡ. ಹೆಸರು ಬದಲಾಗಿ ಬರುವವರೆಗೆ ಒಂದು ಪಾಲನ್ನು ಹಿಡಿದಿಟ್ಟುಕೊಳ್ಳಲು ಮಾರುವವನು ಒಪ್ಪಿದರೆ ಒಳ್ಳೆಯದು. ಬೆಲೆಯ ಹತ್ತರಲ್ಲೊಂದು ಭಾಗವನ್ನು ಟೈರಿಗೂ ಬ್ರೇಕಿಗೂ ಎಂದು ಬೇರೆ ತೆಗೆದಿಡಿ, ಮೊದಲ ವರ್ಷವೇ ಬೇಕಾದೀತು.